ಮೊದಲು ಮೂಲ, ಆಮೇಲೆ ಮೆರುಗು

ಒಳ್ಳೆಯ ಕ್ಯಾಮೆರಾ ಕೈಗೆ ಬಂದ ಮೇಲೆ ಹುಟ್ಟುವ ಮೊದಲ ಪ್ರಶ್ನೆ, ಎಡಿಟಿಂಗ್‌ಗೆ ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು ಎನ್ನುವುದು. ಕೊಳ್ಳೇಗಾಲದಲ್ಲಿ ಮದುವೆ ಸ್ಟುಡಿಯೊ ನಡೆಸುವವರು, ಹನೂರಿನ ಕಡೆಯಿಂದ ಮಾದಪ್ಪನ ಬೆಟ್ಟದ ಜಾತ್ರೆ ಚಿತ್ರಿಸಲು ಹೋಗುವ ಹವ್ಯಾಸಿಗಳು, ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟದ ಹಕ್ಕಿಗಳಿಗಾಗಿ ಕಾಯುವವರು ಎಲ್ಲರೂ ಇದನ್ನೇ ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ, ಆದರೆ ಅದು ಬರಬೇಕಾದದ್ದು ಕೊನೆಯಲ್ಲಿ. ಚಿತ್ರ ಈ ವಾರ ಹೇಗೆ ಕಾಣಬೇಕು ಎಂಬುದನ್ನು ಸಾಫ್ಟ್‌ವೇರ್ ತೀರ್ಮಾನಿಸುತ್ತದೆ, ನಿಜ. ಇಪ್ಪತ್ತೈದು ವರ್ಷ ಕಳೆದ ಮೇಲೆ ಆ ಚಿತ್ರ ಇರುತ್ತದೆಯೇ, ತೆರೆಯಲು ಬರುತ್ತದೆಯೇ, ಅದರಲ್ಲಿರುವವರು ಯಾರೆಂದು ತಿಳಿಯುತ್ತದೆಯೇ ಎಂಬುದು ತೀರ್ಮಾನವಾಗುವುದು ಮೆಮೊರಿ ಕಾರ್ಡ್ ಖಾಲಿ ಮಾಡುವ ಸಂಜೆ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ. ಹಾಗಾಗಿ ಸಾಫ್ಟ್‌ವೇರ್ ಆರಿಸಲು ನಾನು ಮೂರೇ ಪರೀಕ್ಷೆಗಳನ್ನು ಮುಂದಿಡುತ್ತೇನೆ. ಅದು ಮೂಲ ಫೈಲನ್ನು ಮುಟ್ಟಬಾರದು. ತಾನು ಮಾಡಿದ ತಿದ್ದುಪಡಿಯನ್ನು ಬೇರೆ ಕಡೆ ಬರೆದಿಡಬೇಕು. ನಾಳೆ ಅದನ್ನು ಬಿಟ್ಟು ಹೊರಟರೆ ನಮ್ಮ ಚಿತ್ರಗಳಿಗೆ ನಷ್ಟವಾಗಬಾರದು. ಇವುಗಳಲ್ಲಿ ಸೋತ ಸಾಫ್ಟ್‌ವೇರ್ ಎಷ್ಟು ಚಂದದ ಫಿಲ್ಟರ್ ಕೊಟ್ಟರೂ ಅದನ್ನು ನೆಚ್ಚಿಕೊಳ್ಳಬಾರದು.

ಫಿಲ್ಮ್ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದ, ಅಂದರೆ 1956ಕ್ಕೆ ಮುಂಚಿನ ಒಂದು ನೆಗೆಟಿವ್ ಯಾರದಾದರೂ ಅಟ್ಟದ ಮೇಲೆ ಸಿಕ್ಕರೆ ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು, ಯಾರು ನಿಂತಿದ್ದಾರೆ ಎಂದು ಕಾಣುತ್ತದೆ. ಡಿಜಿಟಲ್ ಫೈಲಿಗೆ ಆ ಅನುಕೂಲವಿಲ್ಲ. ಅದನ್ನು ಓದಲು ಮತ್ತೊಂದು ಯಂತ್ರ, ಮತ್ತೊಂದು ಸಾಫ್ಟ್‌ವೇರ್ ಬೇಕು. ಸಾಫ್ಟ್‌ವೇರ್‌ಗಳ ಆಯುಷ್ಯವಾದರೂ ಎಷ್ಟು? ಆ್ಯಪಲ್ ಕಂಪನಿಯ ಅಪರ್ಚರ್ 2005ರಲ್ಲಿ ಬಂತು, ಹತ್ತೇ ವರ್ಷದಲ್ಲಿ ಮಾರಾಟ ನಿಂತಿತು. ಅದನ್ನು ನಂಬಿ ಸಾವಿರಾರು ಚಿತ್ರಗಳನ್ನು ತಿದ್ದಿಟ್ಟವರು ಹೊಸ ಕಂಪ್ಯೂಟರ್‌ಗೆ ಬದಲಾದಾಗ ಅದು ತೆರೆಯಲೇ ಇಲ್ಲ. ಮನೆಮನೆಯಲ್ಲೂ ಇದ್ದ ಗೂಗಲ್‌ನ ಪಿಕಾಸಾ 2016ರಲ್ಲಿ ಮುಚ್ಚಿತು. ಒಮ್ಮೆ ಹಣ ಕೊಟ್ಟು ಸದಾಕಾಲಕ್ಕೂ ಇಟ್ಟುಕೊಳ್ಳಬಹುದಾಗಿದ್ದ ಫೋಟೊಶಾಪ್ 2012ರ ಸಿಎಸ್6 ಆವೃತ್ತಿಗೆ ಕೊನೆಯಾಯಿತು. ಮರುವರ್ಷದಿಂದ ಅಡೋಬಿ ಅದನ್ನು ತಿಂಗಳ ಬಾಡಿಗೆಗೆ ಕೊಡತೊಡಗಿತು. 2015ರ ಲೈಟ್‌ರೂಮ್ 6 ಕೊಂಡವರಿಗೆ 2017ರ ಕೊನೆಯ ಹೊತ್ತಿಗೆ ಹೊಸ ಅಪ್‌ಡೇಟ್ ನಿಂತುಹೋಯಿತು. ಯಾವ ಕಂಪನಿಯನ್ನೂ ದೂರಲು ಇದನ್ನು ಹೇಳುತ್ತಿಲ್ಲ, ವ್ಯಾಪಾರ ಇರುವುದೇ ಹಾಗೆ. ಆದರೆ ಮದುವೆಯ ಆಲ್ಬಂ ಮೂರು ತಲೆಮಾರು ಇರಲಿ ಎಂದು ಬಯಸುವವರು ಅದನ್ನು ಹತ್ತು ವರ್ಷ ಬಾಳುವ ವಸ್ತುವಿಗೆ ಗಂಟು ಹಾಕಬಾರದು. ಜಮೀನಿನ ಮೂಲ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಎಲ್ಲ ಕೆಲಸಕ್ಕೂ ಜೆರಾಕ್ಸ್ ಕೊಡುವ ರೂಢಿ ನಮ್ಮ ರೈತರಲ್ಲಿದೆ. ಚಿತ್ರದ ವಿಷಯದಲ್ಲೂ ಆ ಎಚ್ಚರವೇ ಬೇಕು.

ಮೂಲ ಎಂದರೆ ಯಾವುದು? ಕ್ಯಾಮೆರಾ ಎರಡು ಬಗೆಯಲ್ಲಿ ಚಿತ್ರ ಉಳಿಸುತ್ತದೆ. ಜೆಪೆಗ್ ಎಂಬುದು ಕ್ಯಾಮೆರಾ ತಾನೇ ಬಣ್ಣ, ಬೆಳಕು ನಿರ್ಧರಿಸಿ, ಬೇಡವೆನಿಸಿದ್ದನ್ನು ಎಸೆದು ಮಾಡಿಕೊಟ್ಟ ಸಿದ್ಧ ಚಿತ್ರ. ರಾ ಫೈಲ್ ಎಂಬುದು ಸೆನ್ಸರ್ ಅಳೆದ ಬೆಳಕಿನ ದಾಖಲೆ. ಜೆಪೆಗ್‌ನಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಪ್ರತಿ ಬಣ್ಣಕ್ಕೂ 256 ಮೆಟ್ಟಿಲುಗಳಿದ್ದರೆ 14 ಬಿಟ್‌ನ ರಾ ಫೈಲಿನಲ್ಲಿ 16,384. ಈ ಅಂತರ ಎಲ್ಲಿ ಕಾಣುತ್ತದೆ ಎಂದು ತಿಳಿಯಲು ಚಿಕ್ಕಲ್ಲೂರು ಜಾತ್ರೆಗಿಂತ ಒಳ್ಳೆಯ ಜಾಗವಿಲ್ಲ. ಪುಷ್ಯ ಮಾಸದ ಹುಣ್ಣಿಮೆಯ ರಾತ್ರಿ ಸಿದ್ದಪ್ಪಾಜಿ ಗದ್ದುಗೆಯ ಬಳಿ ಚಂದ್ರಮಂಡಲ ಎಂಬ ಜ್ಯೋತಿ ಹೊತ್ತಿಕೊಳ್ಳುತ್ತದೆ. ಅದು ಯಾವ ದಿಕ್ಕಿಗೆ ಹೆಚ್ಚು ಉರಿಯುತ್ತದೋ ಆ ದಿಕ್ಕಿಗೆ ಮಳೆ ಬೆಳೆ ಎಂಬ ನಂಬಿಕೆಯಿಂದ ಸಾವಿರಾರು ಕಣ್ಣುಗಳು ಅದನ್ನೇ ನೋಡುತ್ತಿರುತ್ತವೆ. ನಡುವೆ ಕಣ್ಣು ಕೋರೈಸುವ ಬೆಂಕಿ, ಸುತ್ತ ಕತ್ತಲೆಯಲ್ಲಿ ಅದರ ಬೆಳಕು ಬಿದ್ದ ಮುಖಗಳು. ಜೆಪೆಗ್ ಒಂದನ್ನೇ ನಂಬಿದರೆ ಜ್ವಾಲೆ ಬಿಳಿ ಹಾಳೆಯಾಗುತ್ತದೆ, ಇಲ್ಲವೇ ಜನ ಕಪ್ಪು ಮುದ್ದೆಯಾಗುತ್ತಾರೆ. ಅದರ ಮೇಲೆ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಬೆಂಕಿಯ ಕೆಂಬಣ್ಣವನ್ನು ದೋಷವೆಂದು ತಿಳಿದು ತೊಳೆಯಲು ನೋಡುತ್ತದೆ. ಜ್ವಾಲೆ ಸುಟ್ಟುಹೋಗದಂತೆ ಕೊಂಚ ಕಡಿಮೆ ಬೆಳಕಿಗೆ ಚಿತ್ರ ತೆಗೆದು ರಾ ಫೈಲ್ ಉಳಿಸಿಕೊಂಡಿದ್ದರೆ, ಆಮೇಲೆ ಕತ್ತಲೆಯೊಳಗಿನ ಮುಖಗಳನ್ನು ಮೇಲೆತ್ತಬಹುದು. ಈ ಕೆಲಸವನ್ನು ಹೆಚ್ಚು ಕಡಿಮೆ ಎಲ್ಲ ರಾ ಸಾಫ್ಟ್‌ವೇರ್‌ಗಳೂ ಚೆನ್ನಾಗಿ ಮಾಡುತ್ತವೆ. ರಾ ಫೈಲೇ ಇಲ್ಲದಿದ್ದರೆ ಯಾವುದೂ ಮಾಡಲಾರದು.

ರೇಷ್ಮೆಯ ಮಾತು ಬಂದಾಗ ವಿಷಯ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಕೊಳ್ಳೇಗಾಲ ಬದುಕಿರುವುದೇ ರೇಷ್ಮೆಯ ಮೇಲೆ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದ ಸೀರೆ ನೋಡುವ ಕೋನ ಬದಲಾದಂತೆ ಬಣ್ಣ ಬದಲಿಸುತ್ತದೆ. ಕಣ್ಣಿಗೆ ಅದೇ ಅದರ ಸೊಗಸು, ಕ್ಯಾಮೆರಾಕ್ಕೆ ಅದೇ ಗೊಂದಲ. ಕಲ್ಯಾಣ ಮಂಟಪದ ಎಲ್‌ಇಡಿ, ವಿಡಿಯೊದವರ ದೀಪ, ಬಾಗಿಲಿನಿಂದ ಬರುವ ಹಗಲಿನ ಬೆಳಕು ಮೂರೂ ಸೇರಿದಾಗ ‘ಆಟೊ’ ಗುಂಡಿ ಒತ್ತಿದರೆ ಧಾರೆ ಸೀರೆಯ ಬಣ್ಣ ಒಂದೊಂದು ಚಿತ್ರದಲ್ಲಿ ಒಂದೊಂದಾಗುತ್ತದೆ. ಇನ್ನೂ ಒಂದು ತೊಡಕಿದೆ. ಮೊಬೈಲ್, ಮಾನಿಟರ್ ಮತ್ತು ಬಹುತೇಕ ಲ್ಯಾಬ್‌ಗಳು ನೆಚ್ಚಿಕೊಂಡಿರುವ ಎಸ್‌ಆರ್‌ಜಿಬಿ ಎಂಬ ಬಣ್ಣದ ವ್ಯಾಪ್ತಿಯನ್ನು 1996ರಲ್ಲಿ ಆ ಕಾಲದ ಮಾನಿಟರ್‌ಗಳನ್ನು ಗಮನದಲ್ಲಿಟ್ಟು ರೂಪಿಸಿದರು. ಕಡುಗೆಂಪು, ರಾಣಿ ಪಿಂಕ್‌ನಂಥ ತೀವ್ರ ಬಣ್ಣಗಳು ಅದರ ಅಂಚಿನಲ್ಲಿರುತ್ತವೆ ಅಥವಾ ಹೊರಗೇ ಉಳಿಯುತ್ತವೆ. ಕೆಂಪು ಚಾನೆಲ್ 255ಕ್ಕೆ ಮುಟ್ಟಿದ ಕಡೆ ನೆರಿಗೆ, ಬುಟ್ಟಾ, ನೇಯ್ಗೆಯ ಗೆರೆ ಎಲ್ಲವೂ ಅಳಿಸಿ ಒಂದೇ ಕೆಂಪು ಪಟ್ಟಿಯಾಗುತ್ತದೆ. ನೇಯ್ದವರ ಕೈಕೆಲಸವೆಲ್ಲ ಇರುವುದು ಆ ಗೆರೆಗಳಲ್ಲಿ. ಮೊದಲ ಚಿತ್ರದಲ್ಲೊಂದು ಬೂದು ಕಾರ್ಡ್ ಹಿಡಿದು ತೆಗೆಯುವುದು, ಹಿಸ್ಟೋಗ್ರಾಮ್‌ನಲ್ಲಿ ಕೆಂಪನ್ನು ಬೇರೆಯಾಗಿ ನೋಡುವುದು, ಲ್ಯಾಪ್‌ಟಾಪಿನ ‘ನೈಟ್ ಲೈಟ್’ ಆರಿಸಿ ಕೂರುವುದು, ಇವಕ್ಕೆ ಹೆಚ್ಚೇನೂ ಖರ್ಚಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ತೋರಿಸಿ ಸೀರೆ ಮಾರುವವರಿಗೆ ಇದು ಕಲೆಯ ಮಾತಾಗುವುದಕ್ಕಿಂತ ಹೆಚ್ಚಾಗಿ ನಂಬಿಕೆಯ ಮಾತು. ಚಿತ್ರದಲ್ಲಿ ಕಂಡ ಬಣ್ಣ ಕೈಗೆ ಬಂದ ಸೀರೆಯಲ್ಲಿ ಇರಬೇಕು.

ಸೀರೆಯ ಬಣ್ಣಕ್ಕೆ ಇಷ್ಟು ಕಾಳಜಿ ಮಾಡುವ ನಾವು ಮುಖದ ಬಣ್ಣಕ್ಕೆ ಮಾಡುವುದಿಲ್ಲ. ಆಲ್ಬಂ ಡಿಸೈನ್ ಮಾಡುವಾಗ ಎಲ್ಲ ಮುಖಗಳನ್ನೂ ಬೆಳ್ಳಗೆ, ನುಣ್ಣಗೆ ಮಾಡುವ ‘ಆ್ಯಕ್ಷನ್’ ಒಂದನ್ನು ಇಡೀ ಫೋಲ್ಡರಿಗೆ ಓಡಿಸುವುದು ಅಭ್ಯಾಸವಾಗಿಬಿಟ್ಟಿದೆ. ಈ ಪಕ್ಷಪಾತಕ್ಕೆ ಹಳೆಯ ಬೇರುಗಳಿವೆ. ಕೊಡಾಕ್ ಕಂಪನಿ 1950ರ ದಶಕದಿಂದ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಲು ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ಗಳಲ್ಲಿ ಇದ್ದದ್ದು ಬಿಳಿ ಹೆಣ್ಣುಮಕ್ಕಳ ಮುಖ, ಕಪ್ಪು ಚರ್ಮದ ಛಾಯೆಗಳು ಆ ಫಿಲ್ಮಿನಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ಇಂದಿನ ಸೆನ್ಸರ್‌ಗೆ ಆ ಮಿತಿ ಇಲ್ಲ, ಕಂದು ಕಪ್ಪಿನ ನೂರು ಛಾಯೆಗಳನ್ನು ಅದು ದಾಖಲಿಸಬಲ್ಲದು. ಬಿಳಿಗಿರಿಯ ಸೋಲಿಗರ ಪೋಡಿನಲ್ಲಿ, ಅಂದರೆ ಹಾಡಿಯಲ್ಲಿ, ತೆಗೆದ ಒಂದು ಮುಖಚಿತ್ರವನ್ನು ಬೆಳ್ಳಗೆ ಮಾಡಿ ಜೆಪೆಗ್ ಆಗಿ ಉಳಿಸಿ ಮೂಲವನ್ನು ಅಳಿಸಿದರೆ, ಆ ಮನುಷ್ಯನ ನಿಜವಾದ ಚಿತ್ರವೇ ಇಲ್ಲವಾಯಿತು. ಗಿರಾಕಿಗಳೇ ಬಿಳುಪು ಕೇಳುತ್ತಾರೆ, ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂಬ ಮಾತು ಸುಳ್ಳಲ್ಲ. ಮೂಲ ಉಳಿಸುವ ಕ್ರಮದಲ್ಲಿ ಈ ಕಷ್ಟಕ್ಕೂ ದಾರಿಯಿದೆ. ಇವತ್ತು ಮದುಮಗಳಿಗೆ ಬೇಕಾದಂತೆ ಒಂದು ಪ್ರತಿ ಮಾಡಿಕೊಡಬಹುದು. ಮುಂದೊಂದು ದಿನ ಅವಳ ಮಗಳು ಅಮ್ಮ ಆಗ ಹೇಗಿದ್ದಳು ಎಂದು ಕೇಳಿದರೆ ತೋರಿಸಲು ಮೂಲವೂ ಇರುತ್ತದೆ.

ಕಾಡಿನ ಚಿತ್ರಗಳಲ್ಲಿ ತಿದ್ದುಪಡಿಯ ಪ್ರಶ್ನೆ ಅಂದಚಂದವನ್ನು ದಾಟಿ ಪುರಾವೆಯ ಪ್ರಶ್ನೆಯಾಗುತ್ತದೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಮಲೆಮಹದೇಶ್ವರ ಬೆಟ್ಟ 2013ರಲ್ಲಿ ವನ್ಯಜೀವಿಧಾಮವಾಯಿತು. ಇಲ್ಲಿ ಹುಲಿಗಳನ್ನು ಎಣಿಸುವುದು ಅವುಗಳ ಪಟ್ಟೆ ನೋಡಿ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಮುಖಕ್ಕೆ ಅಡ್ಡ ಬಂದ ಹುಲ್ಲುಕಡ್ಡಿಯನ್ನು ಅಳಿಸಿ ಆ ಜಾಗಕ್ಕೆ ಸಾಫ್ಟ್‌ವೇರ್ ಊಹಿಸಿದ ಪಟ್ಟೆಯನ್ನು ತುಂಬಿದರೆ ಅದು ಈ ಕಾಡಿನಲ್ಲಿ ಹುಟ್ಟದ ಹುಲಿಯಾಗುತ್ತದೆ. ಕರ್ನಾಟಕದಲ್ಲಿ ತರಕರಡಿ ಇದೆ ಎಂಬುದಕ್ಕೆ ಮೊದಲ ಛಾಯಾಚಿತ್ರದ ಪುರಾವೆ ಸಿಕ್ಕಿದ್ದು ಇಲ್ಲೇ ಪಕ್ಕದ ಕಾವೇರಿ ವನ್ಯಜೀವಿಧಾಮದಲ್ಲಿ, ಕ್ಯಾಮೆರಾ ಟ್ರ್ಯಾಪ್‌ನಿಂದ. 2014ರಲ್ಲಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ಕಲಾತ್ಮಕವಾಗಿ ಅಂಥ ಚಿತ್ರಗಳಿಗೆ ಬಹುಮಾನ ಬರುವುದಿಲ್ಲ, ಆದರೂ ಒಂದು ಪ್ರಾಣಿಯ ಇರವನ್ನು ಅವು ಸಾಬೀತು ಮಾಡುತ್ತವೆ. ಬಹುಮಾನ ಕೊಡುವವರೂ ಈಗ ಪುರಾವೆ ಕೇಳುತ್ತಾರೆ. ಲಂಡನ್ನಿನ ‘ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದವರಿಂದ ಮೂಲ ಫೈಲ್ ಕೇಳುತ್ತಾರೆ. 2015ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಅಂತಿಮ ಹಂತಕ್ಕೆ ಹತ್ತಿರ ಬಂದ ಚಿತ್ರಗಳ ಮೂಲ ತರಿಸಿ ನೋಡಿದಾಗ ಸುಮಾರು ಐದರಲ್ಲೊಂದು ಹೊರಬಿತ್ತು. ಇನ್ನೊಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಮೊಬೈಲ್ ಮತ್ತು ಕೆಲವು ಕ್ಯಾಮೆರಾಗಳು ಚಿತ್ರದೊಳಗೇ ಜಾಗದ ಅಕ್ಷಾಂಶ ರೇಖಾಂಶ ಬರೆದಿರುತ್ತವೆ. ಮೂಲದಲ್ಲಿ ಅದು ಇರಲಿ. ಊರಿಗೆಲ್ಲ ಹಂಚುವ ಪ್ರತಿಯಲ್ಲಿ ಇರಬಾರದು. ಹುಲಿ ಮರಿ ಹಾಕಿದ ಜಾಗವೋ ಹದ್ದಿನ ಗೂಡೋ ಯಾರ ಕೈಗೆ ಸಿಗುತ್ತದೆ ಎಂದು ಹೇಳಲಾಗದು.

ರಾ ಎಂದರೆ ತಿದ್ದುವುದಕ್ಕೆ ಪರವಾನಗಿ, ಜೆಪೆಗ್ಗೇ ಪ್ರಾಮಾಣಿಕ ಎಂದು ವಾದಿಸುವವರಿದ್ದಾರೆ. ಅವರಿಗೆ ದೊಡ್ಡ ಬೆಂಬಲವೂ ಇದೆ: 2015ರ ನವೆಂಬರ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ತನ್ನ ಹೊರಗಿನ ಛಾಯಾಗ್ರಾಹಕರಿಗೆ, ರಾ ಫೈಲಿನಿಂದ ತಯಾರಿಸಿದ ಚಿತ್ರ ಕಳಿಸಬೇಡಿ, ಕ್ಯಾಮೆರಾ ಕೊಟ್ಟ ಜೆಪೆಗ್ ಮಾತ್ರ ಕಳಿಸಿ ಎಂದಿತು. ಆದರೆ ಅದೇ ಸಂಸ್ಥೆ, ರಾ ತೆಗೆಯಬೇಕೆನಿಸಿದರೆ ತೆಗೆಯಿರಿ, ಜೊತೆಗೆ ಜೆಪೆಗ್ ಕೂಡ ಇರಲಿ ಎಂದೂ ಹೇಳಿತ್ತು. ಸುದ್ದಿಗೆ ವೇಗ ಬೇಕು, ತಿದ್ದುವ ಆಸೆಗೆ ತಡೆ ಬೇಕು, ಎರಡೂ ಒಪ್ಪತಕ್ಕ ಕಾರಣಗಳೇ. ಹಾಗೆಂದು ಜೆಪೆಗ್ ಶುದ್ಧ ಸತ್ಯವಾಗುವುದಿಲ್ಲ, ಅದರಲ್ಲಿ ಕ್ಯಾಮೆರಾ ಕಂಪನಿಯ ಎಂಜಿನಿಯರನ ಅಭಿರುಚಿ ಬೆರೆತಿರುತ್ತದೆ. ಎರಡನ್ನೂ ಒಟ್ಟಿಗೆ ಉಳಿಸುವ ಸೌಲಭ್ಯ ಇಂದಿನ ಬಹುತೇಕ ಕ್ಯಾಮೆರಾಗಳಲ್ಲಿದೆ. ಅದನ್ನು ಬಳಸುವುದೇ ಸರಿಯಾದ ಉತ್ತರ.

ಈಗ ಸಾಫ್ಟ್‌ವೇರಿಗೆ ಬರೋಣ. ನನ್ನ ಮೂರು ಪರೀಕ್ಷೆಗಳಲ್ಲಿ ಚೆನ್ನಾಗಿ ತೇರ್ಗಡೆಯಾಗುವುದು ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಎಂಬ ಎರಡು ಮುಕ್ತ ತಂತ್ರಾಂಶಗಳು. ಎರಡೂ ಉಚಿತ, ಎರಡೂ ಮೂಲ ಫೈಲನ್ನು ಮುಟ್ಟುವುದಿಲ್ಲ; ಮಾಡಿದ ತಿದ್ದುಪಡಿಯನ್ನು ಪಕ್ಕದಲ್ಲೇ ಒಂದು ಸಣ್ಣ ಪಠ್ಯ ಫೈಲಿನಲ್ಲಿ ಬರೆದಿಡುತ್ತವೆ. ಚಿತ್ರಗಳನ್ನು ಜೋಡಿಸಿ, ಹೆಸರು ಬರೆದು, ಹುಡುಕಲು ಡಿಜಿಕ್ಯಾಮ್ ಇದೆ. ಪದರ ಪದರವಾಗಿ ಕೆಲಸ ಮಾಡಲು ಗಿಂಪ್ ಇದೆ. 1990ರ ದಶಕದಲ್ಲಿ ಹುಟ್ಟಿದ ಅದರ 3.0 ಆವೃತ್ತಿ 2025ರಲ್ಲಿ ಬಂತು. ಇವುಗಳ ಹಿಂದೆ ಒಂದೇ ಕಂಪನಿಯ ಲಾಭನಷ್ಟ ಇಲ್ಲದ್ದರಿಂದ ಒಂದು ದಿನ ಬೆಳಗ್ಗೆ ಎದ್ದು ಬಾಗಿಲು ಹಾಕುವ ಭಯ ಕಡಿಮೆ, ಹಾಕಿದರೂ ಸೋರ್ಸ್ ಕೋಡ್ ಬಯಲಿನಲ್ಲಿದೆ. ಲೈಟ್‌ರೂಮ್ ಕೂಡ ಮೂಲವನ್ನು ಮುಟ್ಟುವುದಿಲ್ಲ, ಬಳಸಲು ಸುಲಭ, ವೇಗವೂ ಹೆಚ್ಚು. ತಿಂಗಳ ಬಾಡಿಗೆ ದುಡಿಮೆಯಿಂದಲೇ ಹುಟ್ಟುತ್ತದೆ ಎನ್ನುವವರು ಅದನ್ನು ಧಾರಾಳವಾಗಿ ಬಳಸಬಹುದು. ಆದರೆ ಅದು ತಿದ್ದುಪಡಿಯನ್ನು ತನ್ನ ಕ್ಯಾಟಲಾಗ್‌ನೊಳಗೆ ಇಟ್ಟುಕೊಳ್ಳುತ್ತದೆ. ಚಿತ್ರದ ಪಕ್ಕದಲ್ಲಿರುವ ಎಕ್ಸ್‌ಎಂಪಿ ಎಂಬ ಪಠ್ಯ ಫೈಲಿಗೂ ಬರೆ ಎಂದು ಸೆಟ್ಟಿಂಗ್‌ನಲ್ಲಿ ಹೇಳಿಡಬೇಕು. ಒಂದು ಮಿತಿಯನ್ನು ಮುಚ್ಚಿಡಬಾರದು. ಶೀರ್ಷಿಕೆ, ಹೆಸರು, ನಕ್ಷತ್ರದ ಗುರುತು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಸಾಗುತ್ತವೆ, ಬಣ್ಣ ಬೆಳಕಿನ ತಿದ್ದುಪಡಿ ಹಾಗೆಯೇ ಸಾಗುವುದಿಲ್ಲ. ಹಾಗಾಗಿ ಆಯ್ದ ಚಿತ್ರಗಳ ಪೂರ್ಣ ಗಾತ್ರದ ಸಿದ್ಧ ಪ್ರತಿಯನ್ನು ಟಿಫ್ ಅಥವಾ ಉತ್ತಮ ಗುಣಮಟ್ಟದ ಜೆಪೆಗ್ ಆಗಿ ಪಕ್ಕದಲ್ಲೇ ಇಡಬೇಕು.

ಡಾರ್ಕ್‌ಟೇಬಲ್ ಕಲಿಯಲು ಕಷ್ಟ ಎಂಬ ಆಕ್ಷೇಪ ನಿಜ. ಮೊದಲ ವಾರ ತಲೆ ಕೆಡುತ್ತದೆ. ಆದರೆ ಅದರ ಹತ್ತಾರು ಸಾಧನಗಳಲ್ಲಿ ದಿನಬಳಕೆಗೆ ಬೇಕಾದದ್ದು ಬೆಳಕು, ವೈಟ್ ಬ್ಯಾಲೆನ್ಸ್, ನೆರಳು ಬೆಳಕಿನ ಸಮತೋಲ, ಕ್ರಾಪ್, ನಾಯ್ಸ್ ಕಡಿತ, ಇಷ್ಟೇ. ಇದಕ್ಕಿಂತ ತೂಕದ ಆಕ್ಷೇಪ ಆಲ್ಬಂ ಡಿಸೈನಿನವರದು. ಅವರ ಬಳಿ ವರ್ಷಗಟ್ಟಲೆ ಕೂಡಿಟ್ಟ ಪಿಎಸ್‌ಡಿ ಟೆಂಪ್ಲೇಟ್‌ಗಳಿವೆ, ಕೆಲಸವೆಲ್ಲ ಫೋಟೊಶಾಪ್‌ನಲ್ಲೇ. 2002ರ ಫೋಟೊಶಾಪ್ 7 ಇಂದಿಗೂ ಸಣ್ಣ ಊರುಗಳ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಓಡುತ್ತಿದೆ. ಅದರಲ್ಲಿ ಯುನಿಕೋಡ್ ಕನ್ನಡ ಟೈಪಿಸಿದರೆ ಒತ್ತಕ್ಷರಗಳು ಕಳಚಿ ಬೀಳುವುದರಿಂದ ವಧೂವರರ ಹೆಸರನ್ನು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲೇ ಹಾಕುತ್ತಾರೆ. ಆ ಫಾಂಟ್‌ಗಳಲ್ಲಿ ಬರೆದದ್ದು ಕಂಪ್ಯೂಟರಿಗೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ, ಮುಂದೆ ಹೆಸರಿನಿಂದ ಹುಡುಕಲು ಬರುವುದಿಲ್ಲ. ಆಲ್ಬಂ ಪುಟದ ಅಲಂಕಾರಕ್ಕೆ ಅದು ಸಾಕು. ಚಿತ್ರದೊಳಗಿನ ಶೀರ್ಷಿಕೆಗೆ ಯುನಿಕೋಡ್ ಕನ್ನಡವೇ ಬೇಕು. ಇನ್ನು, ಕದ್ದ ಪ್ರತಿ ಪುಕ್ಕಟೆ ಸಿಗುವಾಗ ಬೇರೆ ಏಕೆ ಎಂಬವರು ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಮನ್ನು ಓದಿಕೊಳ್ಳಬೇಕು. ಗೊತ್ತಿದ್ದೂ ಅಕ್ರಮ ಸಾಫ್ಟ್‌ವೇರ್ ಬಳಸಿದರೆ ಏಳು ದಿನಗಳಿಂದ ಮೂರು ವರ್ಷದವರೆಗೆ ಸಜೆ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ ಅದರಲ್ಲಿದೆ. ತನ್ನ ಚಿತ್ರವನ್ನು ಯಾರೋ ಕದ್ದು ಬಳಸಿದರು ಎಂದು ನೊಂದುಕೊಳ್ಳುವ ವೃತ್ತಿಯವರಿಗೆ ಕಾನೂನಿನ ಭಯಕ್ಕಿಂತ ನ್ಯಾಯದ ಮಾತೇ ಸಾಕಾಗಬೇಕು.

ಹೊತ್ತು ಎಲ್ಲಿದೆ, ಮುಹೂರ್ತ ಮುಗಿಯುವುದರೊಳಗೆ ಫೋಟೊ ವಾಟ್ಸ್‌ಆ್ಯಪ್‌ಗೆ ಬರಬೇಕು ಎನ್ನುತ್ತಾರೆ ಎಂಬುದು ಮುಂದಿನ ದೂರು. ಆ ಅವಸರಕ್ಕೆ ಕ್ಯಾಮೆರಾದ ಜೆಪೆಗ್ ಸಾಕು, ಕಳಿಸಿಬಿಡಬಹುದು. ಅದನ್ನೇ ಆಲ್ಬಂಗೆ ಬಳಸಬಾರದು ಅಷ್ಟೆ. ವಾಟ್ಸ್‌ಆ್ಯಪ್ ಮಾಮೂಲಿ ಗುಣಮಟ್ಟದಲ್ಲಿ ಚಿತ್ರದ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ, ತೆಗೆದ ದಿನಾಂಕದಂಥ ಒಳಗಿನ ಮಾಹಿತಿಯನ್ನೂ ಕಿತ್ತುಹಾಕುತ್ತದೆ. 12x36 ಇಂಚಿನ ಆಲ್ಬಂ ಹಾಳೆ ಇಂಚಿಗೆ 300ರಂತೆ ಅಚ್ಚಾಗಬೇಕಾದರೆ ಉದ್ದಕ್ಕೆ 10,800 ಪಿಕ್ಸೆಲ್ ಬೇಕು. 1600ರ ಚಿತ್ರವನ್ನು ಅಷ್ಟಗಲ ಎಳೆದರೆ ಇಂಚಿಗೆ 44 ಪಿಕ್ಸೆಲ್ ಸಿಗುತ್ತದೆ. ಜಾಗದ ಖರ್ಚು ನಿಜವಾದ ಖರ್ಚೇ. ಒಂದು ಮದುವೆಗೆ ಎರಡು ಸಾವಿರ ರಾ ಫೈಲ್, ಒಂದಕ್ಕೆ 25 ಎಂಬಿ ಎಂದರೂ 50 ಜಿಬಿ ಆಯಿತು. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ಇರುವ ಸಂಪರ್ಕದಲ್ಲಿ ಅದನ್ನು ಕ್ಲೌಡ್‌ಗೆ ಏರಿಸಲು ಹನ್ನೊಂದು ಗಂಟೆ ಬೇಕು; ಬೆಟ್ಟದ ಊರುಗಳಲ್ಲಿ ಆ ವೇಗವನ್ನೂ ನೆಚ್ಚುವಂತಿಲ್ಲ. ಆದ್ದರಿಂದ ಕ್ಲೌಡ್ ಒಂದನ್ನೇ ನಂಬಿದ ಕ್ರಮ ಈ ಕಡೆಗೆ ಹೊಂದುವುದಿಲ್ಲ, ಎರಡು ಹಾರ್ಡ್ ಡಿಸ್ಕ್ ಹೊಂದುತ್ತವೆ. ಕಣ್ಣು ಮುಚ್ಚಿದ, ಅಲುಗಿದ, ಒಂದೇ ಬಗೆಯ ಚಿತ್ರಗಳನ್ನು ಮೊದಲ ಸುತ್ತಿನಲ್ಲೇ ತೆಗೆದುಹಾಕಿದರೆ ಹೊರೆ ಅರ್ಧಕ್ಕಿಳಿಯುತ್ತದೆ.

ಪ್ರತಿಗಳ ವಿಷಯದಲ್ಲಿ ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಜನಪ್ರಿಯಗೊಳಿಸಿದ ಸೂತ್ರವನ್ನು ಮೀರಿಸಿದ್ದು ಇನ್ನೂ ಬಂದಿಲ್ಲ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಬೇರೆ ಊರು ಏಕೆ ಎಂಬುದನ್ನು ಕಾವೇರಿ ದಂಡೆಯವರಿಗೆ ವಿವರಿಸಬೇಕಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ದಾಸನಪುರ, ಹಳೇ ಹಂಪಾಪುರ, ಹಳೇ ಅಣಗಳ್ಳಿಯ ಕಡೆ ನೀರು ಮನೆಗಳಿಗೇ ನುಗ್ಗಿತ್ತು. ಕೊಳ್ಳೇಗಾಲದ ಅಂಗಡಿಯ ಒಂದು ಡಿಸ್ಕ್ ಹನೂರಿನ ನೆಂಟರ ಮನೆಯ ಬೀರುವಿನಲ್ಲಿರಲಿ, ಯಳಂದೂರಿನದು ಕೊಳ್ಳೇಗಾಲದಲ್ಲಿರಲಿ. ಕೆಲಸದ ಸರದಿಯೂ ಇದರಿಂದಲೇ ಹುಟ್ಟುತ್ತದೆ. ಕಾರ್ಡ್ ಖಾಲಿ ಮಾಡುವ ಸಂಜೆ ಮೊದಲು ಎರಡು ಕಡೆ ನಕಲು, ನಕಲು ತೆರೆಯುತ್ತದೆಯೇ ಎಂದು ನೋಡುವುದು, ಆಮೇಲೆ ಊರು, ದಿನ, ಮನೆತನದ ಹೆಸರು ಬರೆಯುವುದು, ಆಮೇಲೆ ಆಯ್ಕೆ, ಎಲ್ಲಕ್ಕೂ ಕೊನೆಗೆ ಎಡಿಟಿಂಗ್. ಹೆಸರು ಬರೆಯುವ ಹಂತವನ್ನೇ ಎಲ್ಲರೂ ಬಿಡುತ್ತಾರೆ, ಅತಿ ದೊಡ್ಡ ನಷ್ಟವೂ ಅಲ್ಲೇ ಆಗುತ್ತದೆ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದ ಚಿತ್ರಕ್ಕೆ ವರ್ಷ ಬರೆದಿಟ್ಟರೆ, ಮುಂದೆ ಯಾವ ಕಲ್ಲುಬಳೆ ಯಾವಾಗ ಮುಕ್ಕಾಯಿತು ಎಂದು ಹೇಳಬಲ್ಲ ದಾಖಲೆಯಾಗುತ್ತದೆ. ಬರೆಯದಿದ್ದರೆ ಅದು ಸುಮ್ಮನೆ ಒಂದು ಹಳೆಯ ಕಲ್ಲಿನ ಚಿತ್ರ.

ಕಾನೂನು ಕೂಡ ಈಗ ಮೂಲದ ಕಡೆಗೇ ನೋಡುತ್ತಿದೆ. ತಾಲ್ಲೂಕು ಊರಿನ ಫೋಟೊಗ್ರಾಫರನ್ನು ಅಪಘಾತಕ್ಕೋ ಪಂಚನಾಮೆಗೋ ಪೊಲೀಸರು ಕರೆಯುವುದುಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಡಿಜಿಟಲ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯ ಬರೆಯಬೇಕು; ಒಂದು ಪಿಕ್ಸೆಲ್ ತಿದ್ದಿ ಉಳಿಸಿದರೂ ಆ ಮೌಲ್ಯ ಬದಲಾಗುತ್ತದೆ. ಮದುವೆಯ ಚಿತ್ರಗಳಿಗೆ ಸಂಬಂಧಿಸಿದ ಕಲಮು ಇನ್ನೂ ಹಳೆಯದು, ಹೆಚ್ಚು ಜನಕ್ಕೆ ತಿಳಿಯದ್ದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಕರಾರು ಆಗಿಲ್ಲದಿದ್ದರೆ. ಅಂದಮೇಲೆ ಮೂಲವನ್ನು ಸ್ಟುಡಿಯೊದವರು ತಮ್ಮ ಇಷ್ಟದಂತೆ ಅಳಿಸುವ ಪದ್ಧತಿ ಬದಲಾಗಬೇಕು. ಆಲ್ಬಂನ ಜೊತೆಗೆ ಆಯ್ದ ಚಿತ್ರಗಳ ರಾ ಫೈಲ್, ಪೂರ್ಣ ಗಾತ್ರದ ಜೆಪೆಗ್, ಹೆಸರುಗಳ ಪಟ್ಟಿ ಇರುವ ಒಂದು ಡಿಸ್ಕ್ ಕೊಡುವುದು ಬೆಲೆಪಟ್ಟಿಯಲ್ಲೇ ಒಂದು ಬಾಬತ್ತಾಗಿ ಸೇರಲಿ, ಅದರ ದುಡ್ಡು ಬೇರೆಯಾಗಿಯೇ ತೆಗೆದುಕೊಳ್ಳಲಿ. ಮನೆಯವರೂ ಮುಂಗಡ ಕೊಡುವ ದಿನವೇ ಇದನ್ನು ಮಾತಾಡಿಕೊಳ್ಳಬೇಕು. ಆಲ್ಬಂ ಕೈಗೆ ಬಂದ ಮೇಲೆ ಕೇಳಿದರೆ ಕಾರ್ಡ್ ಆಗಲೇ ಮುಂದಿನ ಮದುವೆಗೆ ಫಾರ್ಮ್ಯಾಟ್ ಆಗಿರುತ್ತದೆ.